ಪೊರೆಯ ಗುಟ್ಟನ್ನು ಕಂಡ ಥಾಮಸ್ ಗ್ರಹಾಂ

ಮಕ್ಕಳೇ, ಕರ್ನಾಟಕದ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯೇ ಗೋವಾದಲ್ಲಿ ಮಾಂಡೋವಿಯಾಗಿ ಹರಿಯುತ್ತದೆ. ಮಳೆಗಾಲದಲ್ಲಿ ಅದರ ನೀರು ಮಣ್ಣು ಬೆರೆತು ಕೆಂಪಾಗುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿದರೆ ಕಸ, ಮರಳು ಉಳಿಯುತ್ತವೆ. ಆದರೆ ಕಡಲಿನ ನೀರನ್ನು ಎಷ್ಟು ಸಲ ಸೋಸಿದರೂ ಉಪ್ಪು ಹೋಗುವುದಿಲ್ಲ. ಏಕೆ ಗೊತ್ತೇ? ಉಪ್ಪು ನೀರಿನಲ್ಲಿ ಕರಗಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಾಗಿರುತ್ತದೆ. ಕರಗಿದ ವಸ್ತುಗಳನ್ನೂ ಬೇರ್ಪಡಿಸುವ ದಾರಿಯೊಂದನ್ನು ತೋರಿಸಿದವರು ಥಾಮಸ್ ಗ್ರಹಾಂ.

ಗ್ರಹಾಂ 1805ರ ಡಿಸೆಂಬರ್ 20ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಮಗ ಚರ್ಚಿನ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. ಮಗನಿಗೋ ರಸಾಯನಶಾಸ್ತ್ರದ ಹಂಬಲ. ತಂದೆ ಸಿಟ್ಟಾಗಿ ಹಣದ ಸಹಾಯ ನಿಲ್ಲಿಸಿದರು. ತಾಯಿ ಮಾತ್ರ ಮಗನ ಬೆಂಬಲಕ್ಕೆ ನಿಂತರು. ಗ್ರಹಾಂ ಎದೆಗುಂದಲಿಲ್ಲ. ಪಾಠ ಹೇಳಿ ಸಂಪಾದಿಸುತ್ತ ಕಲಿಕೆ ಮುಂದುವರಿಸಿದರು. 1830ರಲ್ಲಿ ಗ್ಲಾಸ್ಗೋದಲ್ಲಿ, 1837ರಲ್ಲಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. 1855ರಲ್ಲಿ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥರಾದರು. ನಾಣ್ಯ ತಯಾರಿಸುವ ಆ ಕಚೇರಿಯ ಕೆಲಸದ ನಡುವೆಯೂ ಪ್ರಯೋಗಗಳನ್ನು ಬಿಡಲಿಲ್ಲ.

ಅವರ ಪ್ರಯೋಗವನ್ನು ನೋಡೋಣವೇ? ಒಂದು ಬಳೆಗೆ ವಿಶೇಷವಾಗಿ ತಯಾರಿಸಿದ ಕಾಗದವನ್ನು ಜರಡಿಯಂತೆ ಬಿಗಿದರು. ಸಕ್ಕರೆ ಮತ್ತು ಮರದ ಗೋಂದು ಎರಡೂ ಕರಗಿದ ನೀರನ್ನು ಅದರಲ್ಲಿ ಸುರಿದರು. ಅದನ್ನು ಶುದ್ಧ ನೀರಿನ ಮೇಲೆ ತೇಲಿಬಿಟ್ಟರು. ಒಂದು ದಿನ ಕಳೆಯಿತು. ಸಕ್ಕರೆಯ ಹೆಚ್ಚಿನ ಭಾಗ ಕಾಗದವನ್ನು ದಾಟಿ ಕೆಳಗಿನ ನೀರಿಗೆ ಬಂದಿತ್ತು. ಗೋಂದು ಮೇಲೆಯೇ ಉಳಿದಿತ್ತು! ಸಣ್ಣ ಕಣಗಳಿಗೆ ದಾರಿ ಕೊಟ್ಟು ದೊಡ್ಡವನ್ನು ತಡೆಯುವ ಈ ವಿಧಾನಕ್ಕೆ ಅವರು 1861ರಲ್ಲಿ ಡಯಾಲಿಸಿಸ್ ಎಂದು ಹೆಸರಿಟ್ಟರು. ಗ್ರಹಾಂ 1869ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರ ವಿಚಾರ ಮಾತ್ರ ಬೆಳೆಯುತ್ತಲೇ ಹೋಯಿತು. ಮೂತ್ರಪಿಂಡ ಕೆಲಸ ಮಾಡದವರ ರಕ್ತವನ್ನು ಇಂದು ಡಯಾಲಿಸಿಸ್ ಯಂತ್ರ ಶುದ್ಧಿಮಾಡುತ್ತದೆ. ಕಾಗದದ ಬದಲು ಈಗ ಪಾಲಿಮರ್ ಪೊರೆಗಳಿವೆ. ಸರಪಳಿಯಂತಹ ಉದ್ದನೆಯ ಅಣುಗಳಿಂದಾದ ವಸ್ತುವೇ ಪಾಲಿಮರ್. ಸೀಸದಂತಹ ಲೋಹ ನೀರಿನಲ್ಲಿ ಕರಗಿದಾಗ ಅದರ ಕಣಗಳಲ್ಲಿ ವಿದ್ಯುದಂಶವಿರುತ್ತದೆ. ಇಂತಹ ಕಣಗಳೇ ಅಯಾನುಗಳು. ರಂಧ್ರಗಳ ಅಳತೆಯನ್ನೂ ಪೊರೆಯ ವಿದ್ಯುದಂಶವನ್ನೂ ಹೊಂದಿಸಿ, ಕೆಲವು ಅಯಾನುಗಳನ್ನು ಬಿಟ್ಟು ಕೆಲವನ್ನು ತಡೆಯುವ ಪೊರೆಗಳನ್ನು ವಿಜ್ಞಾನಿಗಳು ರೂಪಿಸುತ್ತಾರೆ. ಕಡಲ ನೀರನ್ನು ಸಿಹಿಯಾಗಿಸುವ ಪೊರೆಗಳೂ ಇವೆ.

ಮಕ್ಕಳೇ, ನೋಡಲು ತಿಳಿಯಾದ ನೀರೆಲ್ಲ ಶುದ್ಧವಲ್ಲ. ಕರಗಿದ್ದು ಕಣ್ಣಿಗೆ ಕಾಣದು. ಕಾಣದುದನ್ನೂ ತಾಳ್ಮೆಯಿಂದ ಪರೀಕ್ಷಿಸಿದ ಗ್ರಹಾಂ ಅವರನ್ನು ನೀರು ಕುಡಿಯುವಾಗ ಒಮ್ಮೆ ನೆನೆಯಿರಿ.