ಎಂಜಿನಿಯರ್ ಎಷ್ಟೇ ದೊಡ್ಡವನಿರಲಿ, ನೆಲಕ್ಕೆ ಅದು ಗೊತ್ತಿರಲ್ಲ

ನಮ್ಮ ವೈ.ಎನ್.ಹೊಸಕೋಟೆ ಕಡೆ ಜಿಪ್ಸಂ ಅಂದ್ರೆ ಕಡ್ಲೆಕಾಯಿ ಹೊಲಕ್ಕೆ ಹಾಕುವ ಪುಡಿ. ಗಿಡ ಹೂವಾಗಿ ಕಾಯಿ ಕಟ್ಟೋಕೆ ಶುರುವಾದಾಗ ಬುಡಕ್ಕೆ ಕೊಡ್ತಾರೆ. ಮಳೆ ಬಿದ್ದಾಗ ಅದು ನಿಧಾನಕ್ಕೆ ಕರಗಿ ಕ್ಯಾಲ್ಸಿಯಂ ಮತ್ತು ಗಂಧಕ ಮಣ್ಣಿಗೆ ಸೇರುತ್ತದೆ, ಕಾಯಿ ಜೊಳ್ಳಾಗದೆ ತುಂಬುತ್ತದೆ. ರೈತನಿಗೆ ಬೇಕಾಗಿರೋದೇ ಈ ಕರಗುವ ಗುಣ. ಅದೇ ಜಿಪ್ಸಂ ಒಂದು ಕಟ್ಟಡದ ಪಾಯದ ಕೆಳಗಿನ ಮಣ್ಣಲ್ಲೋ ಬಂಡೆಯಲ್ಲೋ ಇದ್ದರೆ ಏನಾಗುತ್ತೆ? ಸಿವಿಲ್ ಎಂಜಿನಿಯರಿಂಗ್ ಓದುವಾಗ ಈ ಪ್ರಶ್ನೆ ನನಗೆ ಪಠ್ಯದ ಒಂದು ಸಾಲಾಗಿತ್ತು ಅಷ್ಟೇ. ಪತ್ರಕರ್ತನಾದ ಮೇಲೆ ಒಬ್ಬ ಮನುಷ್ಯನ ಬದುಕಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಆತನ ಹೆಸರು ವಿಲಿಯಂ ಮಲ್‌ಹಾಲಂಡ್. ಡೇವಿಡ್ ಲಿಂಚ್ ಅವರ 'ಮಲ್‌ಹಾಲಂಡ್ ಡ್ರೈವ್' ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಆ ರಸ್ತೆ ಇವನ ಹೆಸರಿನದ್ದೇ.

1855ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಮಲ್‌ಹಾಲಂಡ್ ಹದಿಹರೆಯದಲ್ಲೇ ಮನೆ ಬಿಟ್ಟು ಹಡಗು ಹತ್ತಿದ. 1877ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಾಗ ಅದೊಂದು ಸಣ್ಣ ಊರು. ಅಲ್ಲಿನ ನೀರಿನ ಕಂಪನಿಯಲ್ಲಿ ಕಾಲುವೆಯ ಹೂಳು, ಕಸ ತೆಗೆಯುವ ಕೆಲಸ ಸಿಕ್ಕಿತು. ನಮ್ಮ ಕೆರೆಗಳ ನೀರುಗಂಟಿ ಇದ್ದಂಗೆ ಅನ್ಕೊಳ್ಳಿ. ಹಗಲು ಸಲಿಕೆ, ರಾತ್ರಿ ಪುಸ್ತಕ. ಯಾವ ಎಂಜಿನಿಯರಿಂಗ್ ಡಿಗ್ರಿಯೂ ಇಲ್ಲದ ಈತ 1886ಕ್ಕೆ ಕಂಪನಿಯ ಮುಖ್ಯಸ್ಥನಾದ. 1902ರಲ್ಲಿ ನಗರಸಭೆಯೇ ನೀರು ಸರಬರಾಜನ್ನು ವಹಿಸಿಕೊಂಡಾಗ ಇವನನ್ನೂ ಉಳಿಸಿಕೊಂಡಿತು.

ಊರು ಬೆಳೆಯಿತು, ನೀರು ಸಾಲದಾಯ್ತು. ಮಲ್‌ಹಾಲಂಡ್ ಕಣ್ಣು 375 ಕಿ.ಮೀ. ದೂರದ ಓವೆನ್ಸ್ ಕಣಿವೆ ಮೇಲೆ ಬಿತ್ತು. ನಗರದ ಪರವಾಗಿ ಅಲ್ಲಿ ಸದ್ದಿಲ್ಲದೆ ಜಮೀನು ಮತ್ತು ನೀರಿನ ಹಕ್ಕು ಕೊಳ್ಳಲಾಯಿತು. ಮಾರಿದ ಎಷ್ಟೋ ರೈತರಿಗೆ ಕೊಳ್ಳುತ್ತಿರುವವರು ಯಾರು ಅನ್ನೋದೇ ಗೊತ್ತಿರಲಿಲ್ಲ. ಒಂದೂ ಪಂಪ್ ಇಲ್ಲದೆ, ಬರೀ ಇಳಿಜಾರಿನ ಬಲದಲ್ಲಿ ಬೆಟ್ಟ, ಮರುಭೂಮಿ ದಾಟಿ ನೀರು 1913ರ ನವೆಂಬರ್ 5ರಂದು ನಗರ ಮುಟ್ಟಿತು. ಇದೇ ಹೊತ್ತಿಗೆ ನಮ್ಮಲ್ಲಿ ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿತ್ತು. ಮಲ್‌ಹಾಲಂಡ್ ಆ ನಗರಕ್ಕೆ ದೇವರಾದ. ಓವೆನ್ಸ್ ಕಣಿವೆಯ ಕೆರೆ ಒಣಗಿ ಧೂಳೆದ್ದಿತು. 1924ರಲ್ಲಿ ರೊಚ್ಚಿಗೆದ್ದ ಅಲ್ಲಿನ ಜನ ಕಾಲುವೆಗೆ ಡೈನಮೈಟ್ ಇಟ್ಟರು.

ಕಾಲುವೆ ಒಡೆದರೂ ನಗರಕ್ಕೆ ನೀರು ನಿಲ್ಲಬಾರದು, ಹತ್ತಿರದಲ್ಲೇ ದೊಡ್ಡ ಸಂಗ್ರಹ ಬೇಕು. ಹಾಗೆ ಕಟ್ಟಿದ್ದು ಸೇಂಟ್ ಫ್ರಾನ್ಸಿಸ್ ಡ್ಯಾಂ. 1924ರಲ್ಲಿ ಶುರುವಾಗಿ 1926ಕ್ಕೆ ಮುಗಿಯಿತು. ಕಟ್ಟುತ್ತಿರುವಾಗಲೇ ಎತ್ತರವನ್ನು ಎರಡು ಸಲ, ಒಟ್ಟು 20 ಅಡಿ ಏರಿಸಿದರು. ಬುಡದ ಅಗಲ ಮಾತ್ರ ಹೆಚ್ಚಲಿಲ್ಲ. ನಗರಸಭೆಗಳು ಕಟ್ಟುವ ಡ್ಯಾಂಗಳಿಗೆ ಅಂದಿನ ಕಾನೂನಿನಲ್ಲಿ ರಾಜ್ಯದ ತಪಾಸಣೆಯಿಂದ ವಿನಾಯಿತಿ ಇತ್ತು. ಹೊರಗಿನವರು ಯಾರೂ ನಕ್ಷೆ ಮರುಪರಿಶೀಲಿಸಲಿಲ್ಲ. ಮಲ್‌ಹಾಲಂಡ್ ಒಪ್ಪಿದ್ದಾನೆ ಅಂದರೆ ಮುಗೀತು.

ನೆಲ ಮಾತ್ರ ಒಪ್ಪಿರಲಿಲ್ಲ. ಡ್ಯಾಂನ ಪಶ್ಚಿಮದ ಬದಿ ಕೂತಿದ್ದು ಕೆಂಪು ಬೆಣಚು-ಮಣ್ಣಿನ ಬಂಡೆಯ ಮೇಲೆ. ಅದರ ತುಂಬ ಜಿಪ್ಸಂನ ಎಳೆಗಳು. ಒಣಗಿದ್ದಾಗ ಕಲ್ಲಿನಷ್ಟೇ ಗಟ್ಟಿ. ನೆನೆದರೆ ಬೇರೆ ಕತೆ. ಒಂದು ಲೀಟರ್ ನೀರು ಎರಡು ಗ್ರಾಂಗೂ ಹೆಚ್ಚು ಜಿಪ್ಸಂ ಕರಗಿಸಿಕೊಳ್ಳುತ್ತದೆ. ಕಮ್ಮಿ ಅನ್ನಿಸಬಹುದು, ಆದರೆ ಹಗಲೂ ರಾತ್ರಿ ಜಿನುಗುವ ನೀರಿಗೆ ಅಷ್ಟು ಸಾಕು. ಮಣ್ಣಿನ ಕಣಗಳನ್ನು ಹಿಡಿದಿಟ್ಟ ಅಂಟು ಹೋಗುತ್ತೆ, ಒಳಗೆ ಪೊಳ್ಳಾಗುತ್ತೆ, ಪೊಳ್ಳಲ್ಲಿ ಇನ್ನಷ್ಟು ನೀರು ನುಗ್ಗುತ್ತೆ, ಮೇಲಿನ ಭಾರಕ್ಕೆ ನೆಲ ಕುಸಿಯುತ್ತೆ. ಸಾಲದ್ದಕ್ಕೆ ಆ ನೀರಿನಲ್ಲಿರುವ ಸಲ್ಫೇಟ್ ಕಾಂಕ್ರೀಟಿನ ಸಿಮೆಂಟನ್ನೂ ತಿನ್ನುತ್ತೆ.

1928ರ ಮಾರ್ಚ್ 12ರ ಬೆಳಗ್ಗೆ ಡ್ಯಾಂ ಕಾವಲುಗಾರನಿಗೆ ಪಶ್ಚಿಮದ ಬದಿಯಲ್ಲಿ ಕೆಸರು ಬಣ್ಣದ ಸೋರಿಕೆ ಕಂಡಿತು. ಸೋರುವ ನೀರು ಕೆಸರಾಗಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗ್ತಿದೆ ಅನ್ನೋ ಭಯ. ಮಲ್‌ಹಾಲಂಡ್ ತನ್ನ ಸಹಾಯಕನ ಜತೆ ಬಂದು ನೋಡಿದ. ಹೊಸದಾಗಿ ಕಡಿದ ರಸ್ತೆಯ ಮಣ್ಣು ಬೆರೆತಿದೆ, ಅಪಾಯವಿಲ್ಲ ಎಂದು ತೀರ್ಮಾನಿಸಿ ಹೊರಟುಹೋದ. ಸುಮಾರು 12 ಗಂಟೆಗಳ ನಂತರ, ನಡುರಾತ್ರಿಗೆ ಮೂರು ನಿಮಿಷ ಇರುವಾಗ, ಡ್ಯಾಂ ಒಡೆಯಿತು. ನೀರು ಸಾಂತಾ ಕ್ಲಾರಾ ನದಿ ಪಾತ್ರವನ್ನೆಲ್ಲ ಕೊಚ್ಚಿಕೊಂಡು ಬೆಳಗಾಗುವುದರೊಳಗೆ ಸಮುದ್ರ ಸೇರಿತು. ಕಾವಲುಗಾರನೂ ಅವನ ಮಗನೂ ಸೇರಿದಂತೆ ಕನಿಷ್ಠ 431 ಜನ ಸತ್ತರು. ಸತ್ತವರಲ್ಲಿ ಹೊಲದ ಕೆಲಸಕ್ಕೆ ಬಂದಿದ್ದ ಮೆಕ್ಸಿಕನ್ ಕೂಲಿಗಳು ಬಹಳ. ಅವರಲ್ಲಿ ಎಷ್ಟೋ ಜನರ ಹೆಸರು ಯಾವ ದಾಖಲೆಯಲ್ಲೂ ಇರಲಿಲ್ಲ, ಹಾಗಾಗಿ ಲೆಕ್ಕ ಇವತ್ತಿಗೂ ಪೂರ್ತಿಯಾಗಿಲ್ಲ.

ಆಮೇಲೆ ಅದೇ ಕೆಂಪು ಬಂಡೆಯ ಒಂದು ಚೂರನ್ನು ನೀರಿನ ಲೋಟಕ್ಕೆ ಹಾಕಿ ನೋಡಿದರು. ಸ್ವಲ್ಪ ಹೊತ್ತಿಗೇ ಪುಡಿಪುಡಿಯಾಗಿ ತಳ ಸೇರಿತು. ಒಂದು ಲೋಟ ನೀರಿನ ಪರೀಕ್ಷೆ! ಇದು ಕಟ್ಟುವ ಮುಂಚೆ ಆಗಬೇಕಿತ್ತು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ದಶಕಗಳ ನಂತರದ ಸಂಶೋಧನೆ ಪೂರ್ವದ ಬದಿಯ ಕಡೆ ಬೊಟ್ಟು ಮಾಡಿತು. ಅಲ್ಲಿದ್ದದ್ದು ಹಳೇ ಭೂಕುಸಿತದ ಜಾಗ, ಅದು ಮತ್ತೆ ಜಾರಿತು, ಡ್ಯಾಂನ ತಳಕ್ಕೆ ನುಗ್ಗಿದ ನೀರು ಅದನ್ನು ಮೇಲಕ್ಕೆತ್ತಿತು ಅನ್ನೋದು ಆ ವಾದ. ಅಂದರೆ ತಪ್ಪು ಜಿಪ್ಸಂ ಒಂದರದ್ದೇ ಅಲ್ಲ. ಎರಡೂ ಕಡೆಯ ನೆಲ ಕೆಟ್ಟದ್ದಿತ್ತು, ಯಾರೂ ಅದನ್ನು ಸರಿಯಾಗಿ ಓದಿರಲಿಲ್ಲ.

ವಿಚಾರಣೆಯಲ್ಲಿ ಮಲ್‌ಹಾಲಂಡ್ ಕೆಳಗಿನವರ ಮೇಲೆ ಹಾಕಿ ಜಾರಿಕೊಳ್ಳಲಿಲ್ಲ. ಹೊಣೆ ತನ್ನದೊಬ್ಬನದೇ ಎಂದ. ಸೇತುವೆ ಬಿದ್ದರೆ ಜೂನಿಯರ್ ಎಂಜಿನಿಯರನ್ನು ಸಸ್ಪೆಂಡ್ ಮಾಡಿ ಕೈತೊಳೆದುಕೊಳ್ಳೋದನ್ನು ನೋಡ್ತಾ ಬೆಳೆದ ನಮಗೆ ಇದು ದೊಡ್ಡ ಮಾತು. ಅದೇ ವರ್ಷ ಕೆಲಸ ಬಿಟ್ಟು, ಮಂಕಾಗಿ ಬದುಕಿ, 1935ರಲ್ಲಿ ತೀರಿಕೊಂಡ.

ಆದರೆ ಹೊಣೆ ಒಬ್ಬನ ತಲೆಗೆ ಬಂದಾಗ ಉಳಿದವರೆಲ್ಲ ಪಾರಾದರು. ಅವನನ್ನು ಪ್ರಶ್ನಾತೀತನನ್ನಾಗಿ ಮಾಡಿದ ರಾಜಕಾರಣಿಗಳು, ಹೊಗಳಿದ ಪತ್ರಿಕೆಗಳು, ಬಂದ ನೀರಿನಿಂದ ಸೈಟಿನ ಬೆಲೆ ಏರಿಸಿಕೊಂಡ ಕುಳಗಳನ್ನು ಯಾರೂ ಕಟಕಟೆಗೆ ಕರೆಯಲಿಲ್ಲ. ವಿಚಾರಣೆಯ ಪಂಚರು ಮಾತ್ರ ಮುಖ್ಯವಾದದ್ದನ್ನು ಹಿಡಿದರು: ಎಷ್ಟೇ ದೊಡ್ಡ ಹೆಸರಿರಲಿ, ಇಂಥ ಡ್ಯಾಂ ಒಬ್ಬನ ತೀರ್ಮಾನಕ್ಕೆ ಬಿಡುವ ವಿಷಯವಲ್ಲ ಅನ್ನೋದು ಅವರ ಅಭಿಪ್ರಾಯವಾಗಿತ್ತು. 1929ರಲ್ಲಿ ಕ್ಯಾಲಿಫೋರ್ನಿಯಾ ಡ್ಯಾಂಗಳನ್ನು ರಾಜ್ಯದ ತಪಾಸಣೆಗೆ ತಂದಿತು. ನಮ್ಮ ದೇಶಕ್ಕೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದ್ದು 2021ರಲ್ಲಿ.

ಜಿಪ್ಸಂ ನೆಲಕ್ಕೆ ಮದ್ದಿಲ್ಲ ಅಂತೇನಿಲ್ಲ. ಪದರ ತೆಳುವಿದ್ದರೆ ಅಗೆದು ತೆಗೆದು ಬೇರೆ ಮಣ್ಣು ತುಂಬಿ ದಮ್ಮಸ್ ಮಾಡಬಹುದು, ಆಳವಿದ್ದರೆ ಪೈಲ್‌ಗಳನ್ನು ಅದರ ಕೆಳಗಿನ ಗಟ್ಟಿ ನೆಲಕ್ಕೆ ಇಳಿಸಬಹುದು. ಸಲ್ಫೇಟ್ ತಡೆಯುವ ಸಿಮೆಂಟ್ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಪಾಯದ ಹತ್ತಿರ ಮಳೆನೀರು, ಚರಂಡಿ ನೀರು ಸುಳಿಯದಂತೆ ನೋಡಿಕೊಳ್ಳೋದು. ಡ್ಯಾಂಗೆ ಆ ಸೌಲಭ್ಯ ಇಲ್ಲ. ಇರಾಕ್‌ನ ಮೊಸುಲ್ ಡ್ಯಾಂ ಜಿಪ್ಸಂ ಮೇಲೆ ಕೂತಿದೆ, ಅದರ ತಳಕ್ಕೆ 1980ರ ದಶಕದಿಂದ ಸಿಮೆಂಟ್ ಗ್ರೌಟ್ ತುಂಬುತ್ತಲೇ ಇದ್ದಾರೆ.

ಪಾವಗಡದ್ದು ಬಹುಪಾಲು ಕೆಂಪು ಮಣ್ಣು, ಕೆಳಗೆ ಕಗ್ಗಲ್ಲು. ನಮ್ಮ ಮನೆಗಳಿಗೆ ಈ ಭಯ ಕಮ್ಮಿ. ಆದರೆ ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು, ತುಂಗಭದ್ರಾ ಹಿನ್ನೀರಿಗಾಗಿ ವರ್ಷಗಟ್ಟಲೆ ಬೀದಿಗಿಳಿದ ತಾಲೂಕು ನಮ್ಮದು. ನೀರು ತಂದುಕೊಡುವವನು ಬೇಗ ದೇವರಾಗ್ತಾನೆ, ದೇವರನ್ನು ಯಾರೂ ಲೆಕ್ಕ ಕೇಳಲ್ಲ. ಶಂಕುಸ್ಥಾಪನೆ ಕಲ್ಲಿನ ಮೇಲೆ ಯಾರ ಹೆಸರಿದೆ ಅಂತ ಎಲ್ಲರೂ ಓದ್ತಾರೆ. ಅದರ ಕೆಳಗಿನ ಮಣ್ಣನ್ನು ಯಾರು, ಯಾವಾಗ ಪರೀಕ್ಷೆ ಮಾಡಿದರು, ಆ ವರದಿಯನ್ನು ಇನ್ಯಾರು ಮರುಪರಿಶೀಲಿಸಿದರು ಅಂತ ಕೇಳೋಕೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಸಾಕು.