ಚಲನೆಯನ್ನು ಗೆರೆಯಲ್ಲಿ ಹಿಡಿದ ಹೆಬ್ಬಾರರು

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ಬಾಲ್ಯದಲ್ಲಿ ಕಂಡ ಯಕ್ಷಗಾನದ ಕುಣಿತವು ಅವರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಮುಂಬಯಿಗೆ ಬಂದು ಸರ್ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ನಮ್ಮಂತೆ ಅವರೂ ಮಹಾರಾಷ್ಟ್ರದಲ್ಲಿ ಬಾಳಿದ ಕನ್ನಡಿಗರೆಂಬುದು ನಮಗೆ ಅಭಿಮಾನದ ಸಂಗತಿ.

ನಿಂತ ವಸ್ತುವಿನ ಚಿತ್ರ ಸುಲಭ. ಚಲಿಸುವುದರ ಚಿತ್ರ ಕಷ್ಟ. ಉಮರ್ಗಾ, ನಿಲಂಗಾ, ಉದಗೀರಗಳ ನಮ್ಮ ಮಕ್ಕಳು ಕಾರಹುಣ್ಣಿಮೆಯಂದು ಎತ್ತುಗಳ ಹಿಂದೆ ತಾವೂ ಓಡುತ್ತಾರೆ. ಮರುದಿನ ಬಂಡಿಯ ಚಿತ್ರ ತೆಗೆಯಿರೆಂದರೆ ಬಳೆಯಿಟ್ಟು ಗಾಲಿಯನ್ನು ದುಂಡಗೆ ತೆಗೆಯುತ್ತಾರೆ. ಬಂಡಿ ಮಾತ್ರ ಸಾಗುವುದಿಲ್ಲ. ಗಾಲಿಯ ದುಂಡನ್ನು ನೋಡಿಯೇ ನಾನೂ ಅಂಕ ಕೊಟ್ಟವನು.

ಹೆಬ್ಬಾರರು ಇದಕ್ಕೆ ಕುಂಚವೊಂದನ್ನೇ ನೆಚ್ಚಲಿಲ್ಲ. ಲಯದ ಮರ್ಮವನ್ನರಿಯಲು, ಪ್ರೌಢ ಕಲಾವಿದರಾದ ಮೇಲೆ, ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಕಲಿಸುವವನು ಪುನಃ ಶಿಷ್ಯನಾಗಿ ಹೆಜ್ಜೆ ಹಾಕುವುದು ಎಂತಹ ಸಾಹಸವೆಂಬುದನ್ನು ಶಿಕ್ಷಕರಾದವರು ಬಲ್ಲರು. ಅವರ ರೇಖಾಚಿತ್ರಗಳಲ್ಲಿ ನೆರಳು-ಬೆಳಕಿನ ಹಂಗಿಲ್ಲ. ನಾಲ್ಕಾರು ಗೆರೆಗಳಲ್ಲೇ ನರ್ತಕಿ ತಿರುಗುತ್ತಾಳೆ, ವಾದಕನ ಕೈ ಆಡುತ್ತದೆ. ಗೆರೆ ಎಲ್ಲಿ ದಪ್ಪವಾಗಿ ಎಲ್ಲಿ ಸಣ್ಣದಾಗುವುದೋ ಅಲ್ಲಿಯೇ ವೇಗ ತಿಳಿಯುತ್ತದೆ. ಇಂತಹ ಚಿತ್ರಗಳ ‘ದಿ ಸಿಂಗಿಂಗ್ ಲೈನ್’ ಗ್ರಂಥವು 1964ರಲ್ಲಿ ಪ್ರಕಟವಾಯಿತು.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರಲ್ಲಿ ಮುಂಬಯಿಯಲ್ಲಿ ಕಾಲವಾದರು. ಅವರು ನಾಡಿಗೆ ಕೊಟ್ಟ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ. ಆ ಕಡೆಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಮಕ್ಕಳನ್ನೂ ಕರೆದೊಯ್ದು ತೋರಿಸಬೇಕು.