ಗಾಂಧೀಜಿಯ ಊಟ, ಗಾಂಧೀಜಿಯ ನಡಿಗೆ

ಮೊದಲು ಒಂದು ಸಣ್ಣ ಲೆಕ್ಕ. ಒಬ್ಬರ ಎತ್ತರ 165 ಸೆಂ.ಮೀ., ತೂಕ 46.7 ಕೆ.ಜಿ. ಇವರ ಬಿಎಂಐ ಎಷ್ಟು? ತೂಕವನ್ನು ಮೀಟರಿನಲ್ಲಿರೋ ಎತ್ತರದ ವರ್ಗದಿಂದ ಭಾಗಿಸಿದರೆ 17.15 ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಮ್ಮಿ ಇದ್ದರೆ ತೂಕ ಸಾಲದು ಅಂತ ಅರ್ಥ. ಇದೇ ವ್ಯಕ್ತಿಯ ರಕ್ತದೊತ್ತಡ 1940ರ ಫೆಬ್ರವರಿಯಲ್ಲಿ 220/110 ಇತ್ತು. ಇವರು ಸಸ್ಯಾಹಾರಿ. ಕುಡಿತ ಇಲ್ಲ, ಸಿಗರೇಟು ಇಲ್ಲ. ದಿನಾ ಬೆಳಿಗ್ಗೆ, ಸಂಜೆ ನಡೀತಿದ್ದವರು. ಹೆಸರು ಮೋಹನದಾಸ ಕರಮಚಂದ ಗಾಂಧಿ.

ಈ ಅಂಕಿಗಳು ದೆಹಲಿಯ ರಾಷ್ಟ್ರೀಯ ಗಾಂಧಿ ವಸ್ತುಸಂಗ್ರಹಾಲಯದಲ್ಲಿರುವ ಆರೋಗ್ಯ ದಾಖಲೆಗಳವು. ಗಾಂಧೀಜಿ ಹುಟ್ಟಿ 150 ವರ್ಷ ಆದಾಗ, 2019ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇವನ್ನು ಪ್ರಕಟಿಸಿತು.

ನಮ್ಮ ಕ್ಯಾಂಪಸ್ಸಿನಲ್ಲಿ ಪ್ರತಿ ಸೆಮಿಸ್ಟರ್ ಶುರುವಾದಾಗ ತೂಕದ ಮಾತು ಬಂದೇ ಬರುತ್ತೆ. ಒಬ್ಬ ಮೆಸ್ಸಲ್ಲಿ ಮುದ್ದೆ ಬಿಡ್ತಾನೆ. ಇನ್ನೊಬ್ಬ ಪ್ರೋಟೀನ್ ಡಬ್ಬಿ ತರಿಸ್ತಾನೆ. ಮತ್ತೊಂದು ಗುಂಪು ಭಾನುವಾರ ರಾಮದೇವರ ಬೆಟ್ಟ ಹತ್ತಿ, ಇಳಿದ ಮೇಲೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ಮೇಲೆ ತಟ್ಟೆ ಇಡ್ಲಿ ತಿಂದು ಬರುತ್ತೆ. ಊಟ ಮುಖ್ಯಾನಾ, ವ್ಯಾಯಾಮ ಮುಖ್ಯಾನಾ ಅನ್ನೋ ವಾದ ಮುಗಿಯೋದೇ ಇಲ್ಲ. ಗಾಂಧೀಜಿ ಇದೇ ಪ್ರಶ್ನೆಯನ್ನು ತಮ್ಮ ಮೈಮೇಲೇ ಸುಮಾರು ಅರವತ್ತು ವರ್ಷ ಪರೀಕ್ಷೆ ಮಾಡಿದವರು. ಗೆದ್ದದ್ದನ್ನೂ ಬರೆದರು, ಸೋತದ್ದನ್ನೂ ಬರೆದರು. ಅವರ ಬದುಕಿನ ಆ ಒಂದು ಎಳೆಯನ್ನು ಮಾತ್ರ ಇಲ್ಲಿ ನೋಡೋಣ.

ಪಿ.ಟಿ. ಕ್ಲಾಸ್ ಇಷ್ಟ ಇಲ್ಲದ ಹುಡುಗ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ, ರಾಜಕೋಟೆಯ ಹೈಸ್ಕೂಲಿನಲ್ಲಿ ಓದುವಾಗ ಕಸರತ್ತಿನ ಕ್ಲಾಸ್ ಕಂಡರೆ ಓಡೋ ಹುಡುಗ. ಹೆಡ್ ಮಾಸ್ಟರ್ ಅದನ್ನು ಕಡ್ಡಾಯ ಮಾಡಿದ್ದರು. ಇವನಿಗೆ ನಾಚಿಕೆ ಸ್ವಭಾವ, ಜೊತೆಗೆ ಶಾಲೆ ಬಿಟ್ಟ ತಕ್ಷಣ ಮನೆಗೆ ಹೋಗಿ ಕಾಯಿಲೆ ಬಿದ್ದ ಅಪ್ಪನ ಸೇವೆ ಮಾಡಬೇಕು. ಆದರೆ ಬಯಲಲ್ಲಿ ದೂರ ನಡೆಯೋದು ಒಳ್ಳೆಯದು ಅಂತ ಪುಸ್ತಕದಲ್ಲಿ ಓದಿ, ಅದೊಂದನ್ನು ರೂಢಿ ಮಾಡಿಕೊಂಡ. ಆ ರೂಢಿ ಸಾಯೋ ದಿನದವರೆಗೂ ಬಿಡಲಿಲ್ಲ.

ಅದೇ ವಯಸ್ಸಿನಲ್ಲಿ ಒಬ್ಬ ಗೆಳೆಯ ತಲೆಗೆ ಒಂದು ಹುಳ ಬಿಟ್ಟ. ಇಂಗ್ಲಿಷರು ನಮ್ಮನ್ನು ಆಳ್ತಿರೋದು ಅವರು ಮಾಂಸ ತಿಂದು ಗಟ್ಟಿಯಾಗಿರೋದರಿಂದ ಅಂತ. ಮೋಹನದಾಸ ಕದ್ದು ಕೆಲವು ಸಲ ಮಾಂಸ ತಿಂದ. ಕೊನೆಗೆ ಬಿಟ್ಟದ್ದು ರುಚಿಗಲ್ಲ, ಅಪ್ಪ ಅಮ್ಮನಿಗೆ ಸುಳ್ಳು ಹೇಳಬೇಕಲ್ಲ ಅಂತ. ಒಂದು ಪದಾರ್ಥ ತಿಂದರೆ ಶಕ್ತಿ ತಾನಾಗಿ ಬಂದುಬಿಡುತ್ತೆ ಅನ್ನೋ ನಂಬಿಕೆ ಆಗಲೂ ಇತ್ತು. ಈಗ ಅದು ಡಬ್ಬಿಯಲ್ಲಿ ಬರ್ತಾ ಇದೆ, ಅಷ್ಟೇ ವ್ಯತ್ಯಾಸ.

ಲಂಡನ್: ದುಡ್ಡು ಉಳಿಸೋಕೆ ಹೋಗಿ ಮೈ ಗಟ್ಟಿ

1888ರಲ್ಲಿ ಕಾನೂನು ಓದೋಕೆ ಲಂಡನ್ನಿಗೆ ಹೋದರು. ಮಾಂಸ, ಮದ್ಯ ಮುಟ್ಟಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಮೊದಲ ದಿನಗಳಲ್ಲಿ ಬ್ರೆಡ್ಡು, ಬೇಯಿಸಿದ ಸಪ್ಪೆ ತರಕಾರಿ ತಿಂದು ಅರೆಹೊಟ್ಟೆ. ಕೊನೆಗೆ ಒಂದು ಸಸ್ಯಾಹಾರಿ ಹೋಟೆಲ್ ಸಿಕ್ಕಿತು, ಅಲ್ಲೇ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕವೂ ಸಿಕ್ಕಿತು. ಅಲ್ಲಿಂದ ಊಟ ಅವರಿಗೆ ಪ್ರಯೋಗದ ವಿಷಯ ಆಯಿತು.

ಆಮೇಲೆ ಖರ್ಚಿನ ಲೆಕ್ಕ ಬರೆಯೋಕೆ ಕೂತರು. ಮನೆ ಬದಲಾಯಿಸಿದರು, ಬಸ್ಸು ಬಿಟ್ಟು ನಡೆದರು. ದಿನಕ್ಕೆ 8ರಿಂದ 10 ಮೈಲಿ, ಅಂದರೆ 13ರಿಂದ 16 ಕಿ.ಮೀ. ರಾಮನಗರದಿಂದ ಚನ್ನಪಟ್ಟಣಕ್ಕೆ ನಡೆದು, ಅಲ್ಲಿ ಊರೊಳಗೆ ಒಂದು ಸುತ್ತು ಹಾಕಿದಷ್ಟು. ಇಂಗ್ಲೆಂಡಿನಲ್ಲಿ ಇದ್ದಷ್ಟು ದಿನ ಹೆಚ್ಚು ಕಾಯಿಲೆ ಬೀಳದೆ ಇದ್ದದ್ದು ಈ ನಡಿಗೆಯಿಂದ ಅಂತ ಅವರು ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ನಡಿಗೆಗೆ ಅಂತ ಬೇರೆ ಸಮಯ ಇಟ್ಟಿರಲಿಲ್ಲ ಅನ್ನೋದನ್ನು ಗಮನಿಸಿ. ಹೋಗಬೇಕಾದ ಜಾಗಕ್ಕೇ ನಡೆದು ಹೋದರು.

ಜೋಹಾನ್ಸ್‌ಬರ್ಗ್: ತಿಂಡಿ ಬಿಟ್ಟಾಗ ತಲೆನೋವು ಹೋಯಿತು

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ವಕೀಲಿಕೆ ಚೆನ್ನಾಗಿ ನಡೆಯಿತು, ಊಟವೂ ಚೆನ್ನಾಗೇ ನಡೆಯಿತು. ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ಊಟ, ಮಧ್ಯೆ ಸಂಜೆ ಟೀ. ಆಗಾಗ ತಲೆನೋವು, ಮಲಬದ್ಧತೆ. ಮ್ಯಾಂಚೆಸ್ಟರಿನಲ್ಲಿ ಬೆಳಗಿನ ತಿಂಡಿ ಬಿಡುವವರ ಒಂದು ಸಂಘ ಇದೆ ಅಂತ ಪತ್ರಿಕೆಯಲ್ಲಿ ಓದಿ, ತಾವೂ ಬಿಟ್ಟು ನೋಡಿದರು. ಕೆಲವು ದಿನ ಕಷ್ಟ ಆಯಿತು, ಆಮೇಲೆ ತಲೆನೋವು ಹೋಯಿತು. ಇದರಿಂದ ಅವರು ತೆಗೆದ ತೀರ್ಮಾನ ನೋಡಿ: ತಿಂಡಿ ಕೆಟ್ಟದ್ದು ಅಂತಲ್ಲ, ತಾವು ಬೇಕಾದ್ದಕ್ಕಿಂತ ಜಾಸ್ತಿ ತಿಂತಿದ್ದೆವು ಅಂತ. ಮಲಬದ್ಧತೆ ಮಾತ್ರ ಇದರಿಂದ ವಾಸಿಯಾಗಲಿಲ್ಲ. ಒಂದು ಬದಲಾವಣೆ ಎಲ್ಲ ತೊಂದರೆಗೂ ಮದ್ದಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು.

1910ರಲ್ಲಿ ಹರ್ಮನ್ ಕ್ಯಾಲನ್‌ಬಾಕ್ ಅನ್ನೋ ಜರ್ಮನ್ ವಾಸ್ತುಶಿಲ್ಪಿ ಗೆಳೆಯ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ 1,100 ಎಕರೆ ಜಮೀನು ಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರಂ. ಜೋಹಾನ್ಸ್‌ಬರ್ಗಿನಿಂದ 21 ಮೈಲಿ, ಹೆಚ್ಚುಕಮ್ಮಿ ರಾಮನಗರದಿಂದ ಮಾಗಡಿಗೆ ಇರೋ ದೂರ. ಸ್ವಂತ ಕೆಲಸಕ್ಕೆ ಪಟ್ಟಣಕ್ಕೆ ಹೋಗೋರು ನಡೆದೇ ಹೋಗಬೇಕು ಅನ್ನೋದು ಅಲ್ಲಿಯ ನಿಯಮ. ಬೆಳಗಿನ ಜಾವ ಎರಡು ಗಂಟೆಗೆ ಹೊರಟು, ಹೋಗಿ ಬಂದು 42 ಮೈಲಿ ನಡೆದ ದಿನಗಳೂ ಉಂಟು. ಅಲ್ಲೇ 1912ರಲ್ಲಿ ಇಬ್ಬರೂ ಹಾಲು ಬಿಟ್ಟರು, ಹಣ್ಣು ಮತ್ತು ಬೀಜಗಳ ಮೇಲೆ ಇದ್ದರು.

ನಡಿಗೆ ಕೈ ಹಿಡಿಯದ ವರ್ಷ

1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸೋಕೆ ಹಳ್ಳಿ ಹಳ್ಳಿ ಸುತ್ತಿದರು. ದಿನಕ್ಕೆ ಸುಮಾರು 20 ಮೈಲಿ ನಡಿಗೆ. ಊಟ ಅಂದರೆ ಮುಖ್ಯವಾಗಿ ಕಡಲೆಕಾಯಿಯ ಬೆಣ್ಣೆ, ನಿಂಬೆಹಣ್ಣು. ಕಡಲೆಕಾಯಿ ಜಾಸ್ತಿ ಆದರೆ ತೊಂದರೆ ಅಂತ ಗೊತ್ತಿದ್ದೂ ಜಾಸ್ತಿ ತಿಂದರು. ಸಣ್ಣಗೆ ಭೇದಿ ಶುರುವಾಯಿತು. ಉಪವಾಸ ಇದ್ದು ಸರಿ ಮಾಡಿಕೊಳ್ಳೋ ಹೊತ್ತಿಗೆ ಹಬ್ಬ ಬಂತು. ಕಸ್ತೂರಬಾ ಮಾಡಿದ ಸಿಹಿ ಗೋಧಿ ಗಂಜಿಯನ್ನು ಬೇಡ ಬೇಡ ಅಂತಲೇ ಹೊಟ್ಟೆ ತುಂಬ ತಿಂದರು. ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. ಸಾಯ್ತೀನಿ ಅಂತಲೇ ಅಂದುಕೊಂಡಿದ್ದರು.

ದಿನಕ್ಕೆ 30 ಕಿ.ಮೀ. ನಡೆಯೋ ಮನುಷ್ಯ ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಏಳಲಾಗಲಿಲ್ಲ. ವ್ಯಾಯಾಮ ಎಷ್ಟೇ ಇರಲಿ, ತಟ್ಟೆಯಲ್ಲಿ ಆದ ತಪ್ಪನ್ನು ಅದು ತಿದ್ದಲಿಲ್ಲ. ಹಾಲು ಕುಡಿಯದೆ ಮೈ ಕಟ್ಟೋಕಾಗಲ್ಲ ಅಂತ ಡಾಕ್ಟರು ಹೇಳಿದರು. ಹಸು, ಎಮ್ಮೆ ಹಾಲು ಬಿಟ್ಟಿದ್ದೀರಿ, ಮೇಕೆ ಹಾಲಿಗೇನು ಅಂತ ಕಸ್ತೂರಬಾ ದಾರಿ ತೋರಿಸಿದರು. ವ್ರತದ ಆತ್ಮ ಮುರಿಯಿತು ಅನ್ನೋ ಕೊರಗು ಕೊನೆಯವರೆಗೂ ಇತ್ತು. ಆದರೂ ಕುಡಿದರು. ಮೈ ಹೇಳಿದ್ದನ್ನು ಕೇಳಿದರು.

ನಂದಿ ಬೆಟ್ಟ, 1927

1927ರ ಮಾರ್ಚಿನಲ್ಲಿ ಖಾದಿಗಾಗಿ ಮಹಾರಾಷ್ಟ್ರ ಸುತ್ತುತ್ತಿದ್ದಾಗ ಕೊಲ್ಹಾಪುರದ ಹತ್ತಿರ ಕುಸಿದರು. ರಕ್ತದೊತ್ತಡ ಏರಿತ್ತು, ಕಾರಣ ಅತಿಯಾದ ದುಡಿಮೆ. ತೂಕ ಜಾಸ್ತಿ ಇರಲಿಲ್ಲ, ಊಟ ಕಟ್ಟುನಿಟ್ಟು, ನಡಿಗೆ ದಿನಾ. ಹಾಗಾದರೆ ಕಮ್ಮಿ ಇದ್ದದ್ದೇನು? ವಿಶ್ರಾಂತಿ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಮ್ಮ ನಂದಿ ಬೆಟ್ಟದಲ್ಲಿ ಇದ್ದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕ್. ಪೂರ್ತಿ ಸುಮ್ಮನಿರೋ ಜೀವ ಅಲ್ಲ. ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಹಸು ಸಾಕಣೆ ಕಲಿತರು. ಜುಲೈ 12ರಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ಐಐಎಸ್‌ಸಿಯಲ್ಲಿ, ವಿದ್ಯಾರ್ಥಿಗಳ ಮುಂದೆ ಮಾತಾಡಿದರು. 1936ರ ಬೇಸಿಗೆಯಲ್ಲಿ ಮತ್ತೆ ನಂದಿಗೆ ಬಂದರು, ಆಗಲೂ ವಿಶ್ರಾಂತಿಗೆ.

ಪರೀಕ್ಷೆಗೆ ಮೂರು ರಾತ್ರಿ ನಿದ್ದೆ ಬಿಟ್ಟು, ಬೆಳಿಗ್ಗೆ ಜಿಮ್ಮಿಗೆ ಹೋಗಿ ಎಲ್ಲ ಸರಿಹೋಯಿತು ಅಂದುಕೊಳ್ಳೋರು ಈ ಭಾಗವನ್ನು ಇನ್ನೊಂದು ಸಲ ಓದಬೇಕು.

ಸೋತ ಪ್ರಯೋಗ, ಗೆದ್ದ ಯಾತ್ರೆ

1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಶುರು ಮಾಡಿದರು. ಮೊಳಕೆ ಕಾಳು, ಹಸಿ ಸೊಪ್ಪು, ಹಣ್ಣು, ಕಾಯಿ. ತೂಕ ಇಳಿಯಿತು. ಆದರೆ ಶಕ್ತಿಯೂ ಇಳಿಯಿತು, ಹೊಟ್ಟೆ ಕೆಟ್ಟಿತು. ಕೆಲವೇ ತಿಂಗಳಲ್ಲಿ ಬಿಟ್ಟರು, ಬಿಟ್ಟದ್ದನ್ನು ತಮ್ಮ ಪತ್ರಿಕೆಯಲ್ಲೇ ಬರೆದರು. ತೂಕದ ಮುಳ್ಳು ಕೆಳಗೆ ಬಂದ ಮಾತ್ರಕ್ಕೆ ಪ್ರಯೋಗ ಗೆದ್ದಿತು ಅಂತ ಅವರು ಹೇಳಿಕೊಳ್ಳಲಿಲ್ಲ.

ಮರುವರ್ಷ, 1930ರ ಮಾರ್ಚ್ 12ರಂದು, 60 ದಾಟಿದ ಅದೇ ಮನುಷ್ಯ 78 ಜನರ ಜೊತೆ ಸಾಬರಮತಿಯಿಂದ ದಂಡಿಗೆ ಹೊರಟರು. ಸುಮಾರು 385 ಕಿ.ಮೀ., 24 ದಿನ. ಸರಾಸರಿ ದಿನಕ್ಕೆ 16 ಕಿ.ಮೀ. ಅಂದರೆ ಲಂಡನ್ನಿನಲ್ಲಿ ಹತ್ತೊಂಬತ್ತರ ಹುಡುಗ ಬಸ್ ದುಡ್ಡು ಉಳಿಸೋಕೆ ನಡೆದಷ್ಟೇ! ದಾರಿಯ ಹಳ್ಳಿಗಳಲ್ಲಿ ಸರಳ ಊಟ ಸಾಕು ಅಂತ ಮೊದಲೇ ತಿಳಿಸಿದ್ದರು. ಬೇರೆ ಕಡೆಯಿಂದ ಹಾಲು, ತರಕಾರಿ ಲಾರಿಯಲ್ಲಿ ತರಿಸಿದ್ದು ಗೊತ್ತಾದಾಗ ಸಿಟ್ಟಾದರು. ಈ ನಡಿಗೆಯ ಶಕ್ತಿ ಒಂದು ತಿಂಗಳ ಟ್ರೈನಿಂಗಿನಿಂದ ಬಂದದ್ದಲ್ಲ, ನಲವತ್ತು ವರ್ಷದ ರೂಢಿಯಿಂದ ಬಂದದ್ದು.

ಲೆಕ್ಕ ಏನು ಹೇಳುತ್ತೆ

ಈಗ ನಮ್ಮ ಭಾಷೆಗೆ ಬರೋಣ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತೆ. 70 ಕೆ.ಜಿ. ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗೋದು ಸುಮಾರು 250. ಬೆಟ್ಟ ಹತ್ತೋದಾದರೆ ಎಂಜಿಎಚ್ ಹಾಕಿ ನೋಡಿ: 100 ಮೀಟರ್ ಏರೋಕೆ 69 ಕಿಲೋಜೂಲ್, ಅಂದರೆ ಬರೀ 16 ಕಿಲೋಕ್ಯಾಲರಿ. ಸ್ನಾಯುಗಳ ದಕ್ಷತೆ ಶೇ. 25 ಅಂತ ಹಿಡಿದರೂ 65 ಮಾತ್ರ. ಬೆಟ್ಟ ಇಳಿದ ಮೇಲೆ ತಿನ್ನೋ ಮೊದಲ ತಟ್ಟೆ ಇಡ್ಲಿಯೇ ಅದನ್ನು ಮೀರುತ್ತೆ. ಅದಕ್ಕೇ ತೂಕ ಇಳಿಸೋ ವಿಷಯದಲ್ಲಿ ಹೆಚ್ಚಿನ ಕೆಲಸ ಮಾಡೋದು ಊಟ. ಇಳಿದ ತೂಕ ಮತ್ತೆ ಏರದ ಹಾಗೆ ನೋಡಿಕೊಳ್ಳೋದು, ಸ್ನಾಯು ಕರಗದ ಹಾಗೆ ಕಾಯೋದು, ಹೃದಯ, ಶ್ವಾಸಕೋಶಕ್ಕೆ ದಮ್ಮು ಕೊಡೋದು ವ್ಯಾಯಾಮ. ಒಂದರ ಕೆಲಸ ಇನ್ನೊಂದು ಮಾಡಲ್ಲ.

1942ರಲ್ಲಿ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಗಾಂಧೀಜಿ ಆರೋಗ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯೋಕೆ ಶುರು ಮಾಡಿದರು. ಕೂತು ಕೆಲಸ ಮಾಡೋರಿಗೆ, ಅಂದರೆ ನಮ್ಮಂಥವರಿಗೆ, ದಿನದ ಅಳತೆಯನ್ನು ಅದರಲ್ಲಿ ಕೊಟ್ಟಿದ್ದಾರೆ. ಹಾಲು 2 ಪೌಂಡ್, ಧಾನ್ಯ 6 ಔನ್ಸ್, ಸೊಪ್ಪು ತರಕಾರಿ ಎಲ್ಲ ಸೇರಿ 9 ಔನ್ಸ್, ತುಪ್ಪ ಒಂದೂವರೆ ಔನ್ಸ್, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸ್, ಜೊತೆಗೆ ಹಣ್ಣು. ಹಣ್ಣು ಬಿಟ್ಟು ಕೂಡಿದರೆ ಸುಮಾರು 1,800 ಕಿಲೋಕ್ಯಾಲರಿ ಆಗುತ್ತೆ. ಕೂತು ಕೆಲಸ ಮಾಡೋ 65 ಕೆ.ಜಿ. ಗಂಡಸಿಗೆ 2,110, 55 ಕೆ.ಜಿ. ಹೆಂಗಸಿಗೆ 1,660 ಬೇಕು ಅಂತ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ್ದು ಇದರ ಆಸುಪಾಸಿನಲ್ಲೇ ಇದೆ. 6 ಔನ್ಸ್ ಧಾನ್ಯ ಅಂದರೆ 170 ಗ್ರಾಂ, ಹೆಚ್ಚುಕಮ್ಮಿ ಎರಡು ಮುದ್ದೆಯ ಹಿಟ್ಟು. ಹಾಗಾಗಿ ಕನಕಪುರ, ಮಾಗಡಿ ಹೊಲಗಳ ರಾಗಿ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ಮುದ್ದೆ ಬಿಟ್ಟು ಸಂಜೆ ಬೇಕರಿಗೆ ಹೋದರೆ ಲೆಕ್ಕ ತಪ್ಪೋದು ಅಲ್ಲಿ.

ಇನ್ನೊಂದು ಮಾತು. ಗಾಂಧೀಜಿ ಉಪವಾಸ ಮಾಡ್ತಿದ್ದರಲ್ಲ ಅಂತ ಅದನ್ನು ತೂಕ ಇಳಿಸೋ ವಿಧಾನ ಮಾಡಿಕೊಳ್ಳಬೇಡಿ. ಅವರ ಉಪವಾಸಗಳ ಕಾರಣ ಬೇರೆ ಇತ್ತು. ದೊಡ್ಡ ಉಪವಾಸಗಳಲ್ಲಿ ಪಕ್ಕದಲ್ಲಿ ಡಾಕ್ಟರು ಇರ್ತಿದ್ದರು, ಆದರೂ ಜೀವ ಹೋಗಿ ಬಂದ ಹಾಗಾಗ್ತಿತ್ತು. ಅವರ 46.7 ಕೆ.ಜಿ. ನಮಗೆ ಗುರಿಯೂ ಅಲ್ಲ. ತೂಕ ಅಷ್ಟು ಕಮ್ಮಿ ಇದ್ದೂ ರಕ್ತದೊತ್ತಡ 220 ಮುಟ್ಟಿತ್ತು ಅನ್ನೋದೇ ಆ ದಾಖಲೆಯ ಮುಖ್ಯ ಪಾಠ. ಸಣ್ಣಗಿರೋದು ಬೇರೆ, ಆರೋಗ್ಯವಾಗಿರೋದು ಬೇರೆ. ಊಟ, ನಡಿಗೆ, ನಿದ್ದೆ ಮೂರಕ್ಕೂ ಬೇರೆ ಬೇರೆ ಕೆಲಸ ಇದೆ.

1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಗಾಂಧೀಜಿಗೆ ಪ್ರಾರ್ಥನೆಗೆ ಸ್ವಲ್ಪ ತಡವಾಗಿತ್ತು. ಸಂಬಂಧಿಕರಾದ ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈಯಿಟ್ಟು ಬೇಗ ಬೇಗ ಹೆಜ್ಜೆ ಹಾಕ್ತಿದ್ದರು. ವಯಸ್ಸು 78. ಅವರ ನಡಿಗೆಯನ್ನು ನಿಲ್ಲಿಸಿದ್ದು ಕಾಯಿಲೆ ಅಲ್ಲ, ಮೂರು ಗುಂಡು.